ಹಲಗೆಯ ಮೇಲಿನ ಪೇಪರು

"ಮೊಲ ಬ್ಯಾಡ ಕಣಪ್ಪ," ಅಂದ ಭೀಮರಾಜು, ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ. "ಮೊಲ ನೇತಾಕ್ಕಂಡು ಯುಗಾದಿ ಮಾಡಕಾಯ್ತದಾ?"

ಶೆಟ್ಟಿಕೆರೆ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ವಸೀಮ್ ನಗು ತಡೆದುಕೊಂಡು ಮೌಸಿನ ಗಾಲಿ ಉರುಳಿಸಿದ. ಮೊಲ ಹೋಗಿ ಬಣ್ಣದ ಮೊಟ್ಟೆಗಳು ಬಂದವು. ಮೊಟ್ಟೆ ಹೋಗಿ ಕೆಂಪು ಟೋಪಿಯ ತಾತ ಬಂದ. ಹಬ್ಬಕ್ಕೆ ಮನೆಯಲ್ಲೇ ಕತ್ತರಿಸಿ ಮಾಡುವ ಕಾಗದದ ಡಿಸೈನು ಅಂತ ಹುಡುಕಿದ್ದೇ ತಡ, ಯಾವ್ಯಾವುದೋ ದೇಶದ ಹಬ್ಬಗಳೆಲ್ಲ ಮೆರವಣಿಗೆ ಹೊರಟಿದ್ದವು. ಕಣ್ಣು ಬಾಯಿ ಕೊರೆದ ಕುಂಬಳಕಾಯಿ ಕಂಡಾಗ ಭೀಮರಾಜುವಿಗೆ ಮೊದಲ ಸಲ ಪರಿಚಯದವರು ಸಿಕ್ಕಂತಾಯಿತು.

"ಇದು ದೃಷ್ಟಿಗೆ ಕಟ್ಟೋದಲ್ವಾ? ಇದೂ ಬ್ಯಾಡ. ನಂಗೆ ಹಲಗೆ ಪೇಪರಿಗೆ ಬೇಕು."

ಆ ಕಡೆಯ ಮನೆಗಳಲ್ಲಿ ನಡುಮನೆಯ ಗೋಡೆಗೆ ಉದ್ದನೆಯ ಹಲಗೆ ಹೊಡೆದು ಅದರ ಮೇಲೆ ಹಿತ್ತಾಳೆ, ಸ್ಟೀಲಿನ ಪಾತ್ರೆಗಳನ್ನು ಸಾಲಾಗಿ ಜೋಡಿಸುವುದು ಮೊದಲಿನಿಂದ ಬಂದದ್ದು. ಯುಗಾದಿಗೆ ಸುಣ್ಣ ಬಳಿದ ಮೇಲೆ ಹಲಗೆಗೆ ಹಳೇ ನ್ಯೂಸ್‌ಪೇಪರ್ ಹಾಸಿ, ಗೇಣುದ್ದ ಅಂಚು ಕೆಳಕ್ಕೆ ಇಳಿಬಿಟ್ಟು, ಆ ಅಂಚಿನಲ್ಲಿ ಕತ್ತರಿಯಿಂದ ಹೂವೋ ಬಳ್ಳಿಯೋ ಮೂಡಿಸುವುದು ಹೆಂಗಸರ ಕೆಲಸ. ಈಗ ಊರಿನ ಬಹಳ ಮಂದಿ ಕಬೋರ್ಡು ಮಾಡಿಸಿ ಪಾತ್ರೆಗಳನ್ನು ಒಳಗೆ ತಳ್ಳಿ ಬಾಗಿಲು ಹಾಕಿಬಿಟ್ಟಿದ್ದಾರೆ. ಭೀಮರಾಜುವಿನ ಮನೆಯಲ್ಲಿ ಹಲಗೆ ಉಳಿದಿದ್ದು ಹೆಂಡತಿ ಪುಟ್ಟಗೌರಮ್ಮನ ಹಟದಿಂದ.

"ಅಕ್ಕನ ಕೈ ಇನ್ನೂ ವಾಸಿ ಆಗ್ಲಿಲ್ವಾ ಅಣ್ಣಾ?" ಅಂತ ಕೇಳಿದಳು ವಸೀಮನ ಹೆಂಡತಿ ಫಾಮಿದಾ, ಲ್ಯಾಮಿನೇಷನ್ ಯಂತ್ರದ ಹಿಂದಿನಿಂದ.

"ಮೂಳೆ ಕೂಡ್ಕಂಡೈತಂತೆ ಕಣಮ್ಮ. ಬೆರಳು ಬಗ್ಗಲ್ಲ. ಬಗ್ಗಲ್ಲ ಅನ್ನೋದ್ಕಿಂತ ಅವಳು ಬಗ್ಗುಸಲ್ಲ."

ಸಂಕ್ರಾಂತಿಗೆ ಮುಂಚೆ ಪುಟ್ಟಗೌರಮ್ಮ ಅಟ್ಟದ ಮೇಲಿನ ಕೊಬ್ಬರಿ ಇಳಿಸುವಾಗ ಏಣಿಯಿಂದ ಜಾರಿ ಬಿದ್ದಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಬ್ಯಾಂಡೇಜು ಬಿಚ್ಚಿದ ದಿನ ತಿಪಟೂರಿನ ಡಾಕ್ಟರು ಅವಳ ಕೈಗೆ ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನಾ ಹಿಸುಕಬೇಕು, ಬೆರಳು ಆಡಿಸದೆ ಇಟ್ಟರೆ ಹಾಗೇ ಸೆಟೆದು ನಿಂತುಬಿಡುತ್ತವೆ, ಆಮೇಲೆ ತಮ್ಮಿಂದಲೂ ಏನೂ ಮಾಡಲಾಗದು ಅಂದಿದ್ದರು. ಒಂದೆರಡು ದಿನ ಹಿಸುಕಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು, ಬೆರಳು ಮಾತ್ರ ಅಲುಗಲಿಲ್ಲ. ಆಮೇಲೆ ಚೆಂಡನ್ನು ಗೂಡಿನಲ್ಲಿಟ್ಟು, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಅದು ಸತ್ತೋದ್ ಕೈ, ಅದ್ರ ಸುದ್ದಿ ಬುಡಿ," ಅನ್ನುತ್ತಿದ್ದಳು ಯಾರಾದರೂ ಕೇಳಿದರೆ. ಕರಟ ಒಡೆದು ಕೊಬ್ಬರಿಯನ್ನು ಸೀಳು ಬಿಡದಂತೆ ಉಂಡೆಯಾಗಿ ತೆಗೆಯುವುದರಲ್ಲಿ ಸುತ್ತಲ ಊರುಗಳಿಗೆಲ್ಲ ಹೆಸರಾದವಳು. ಈಗ ಕೆಲಸಕ್ಕೆ ಕರೆಯಲು ಬಂದವರ ಎದುರಿಗೂ ಹೊರಗೆ ಬರುತ್ತಿರಲಿಲ್ಲ. ಭೀಮರಾಜುವಿಗೆ ಎಲ್ಲಕ್ಕಿಂತ ಭಯವಾದದ್ದು ಅವಳು ಜಗಳ ನಿಲ್ಲಿಸಿದ್ದು. ಸಾರಿಗೆ ಉಪ್ಪು ಜಾಸ್ತಿ ಅಂದರೂ ಸುಮ್ಮನಿರುತ್ತಿದ್ದಳು. ಅಂಥ ಮನೆಯಲ್ಲಿ ಹೇಗಿರಬೇಕೋ ಅವನಿಗೆ ಗೊತ್ತಿರಲಿಲ್ಲ.

ಹಬ್ಬಕ್ಕೆ ಅಮ್ಮಸಂದ್ರದಿಂದ ಮಗಳು ಶಿಲ್ಪ ಕೂಸು ಎತ್ತಿಕೊಂಡು ಬರುವವಳಿದ್ದಳು. ಹಲಗೆಗೊಂದು ಕಳೆ ಬಂದರೆ ಇವಳ ಮುಖಕ್ಕೂ ಬಂದೀತು ಅನ್ನುವ ಒಂದು ಆಸೆ ಹಿಡಿದು ಅವನು ಈ ಅಂಗಡಿಗೆ ಬಂದಿದ್ದ.

ಕೊನೆಗೆ ಫಾಮಿದಾಳೇ ಒಂದು ಹೂಬಳ್ಳಿಯ ಅಂಚು ಹುಡುಕಿ, ಹಸಿರು ಹಳದಿ ಹಾಳೆಗಳ ಮೇಲೆ ಪ್ರಿಂಟು ತೆಗೆದುಕೊಟ್ಟಳು. "ಮಡಿಚ್ಕೊಂಡು ಗೆರೆ ಮೇಲೇ ಕತ್ತರಿಸಿ ಅಣ್ಣಾ. ಮಡಿಕೆ ಇರೋ ಕಡೆ ಮಾತ್ರ ಪೂರ್ತಿ ಕತ್ತರಿಸ್ಬೇಡಿ." ಭೀಮರಾಜು ತಲೆಯಾಡಿಸಿದ. ಕೇಳಿಸಿಕೊಳ್ಳದೆ ತಲೆಯಾಡಿಸುವುದು ಅವನಿಗೆ ಮದುವೆಯಾದಾಗಿನಿಂದ ಬಂದ ವಿದ್ಯೆ.

ಮನೆಗೆ ಬಂದು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಚುಚ್ಚಿ ಸಿಪ್ಪೆ ಸುಲಿಯುವ ಕೈ ಅದು. ಬೆರಳು ಕತ್ತರಿಯ ಕಿವಿಗೆ ತೂರಲಿಲ್ಲ. ಹೇಗೋ ತೂರಿಸಿ ಮಡಿಸಿದ ಹಾಳೆಗೆ ಕತ್ತರಿ ಹಾಕಿದ. ಕಾಯಿ ಸುಲಿಯುವವನಿಗೆ ಎಲ್ಲಿ ಕೂಡಿಕೊಂಡಿದೆಯೋ ಅಲ್ಲೇ ಬಿಡಿಸುವುದು ಅಭ್ಯಾಸ. ಅವನು ಮಡಿಕೆಯನ್ನೇ ಹುಡುಕಿ ನೇರಕ್ಕೆ ಕತ್ತರಿಸಿಕೊಂಡು ಹೋದ. ಬಿಡಿಸಿದಾಗ ಬಳ್ಳಿಯಿರಲಿಲ್ಲ, ಒಂದೊಂದು ಎಲೆ ಒಂದೊಂದು ಕಡೆ ಉದುರಿತು.

ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದ ಪುಟ್ಟಗೌರಮ್ಮ, "ಬುಡಿ ಅತ್ಲಾಗೆ," ಅಂದಳು. ಬೈಗುಳವೂ ಇಲ್ಲ, ನಗುವೂ ಇಲ್ಲ. "ನಾನು ಇಮಲಮ್ಮನ ಮನೆಗೆ ಹೋಗಿ ಬತ್ತೀನಿ."

ಅವಳು ಹೋದದ್ದು ಹರಟೆಗಲ್ಲ, ಹಲಗೆ ಕಣ್ಣಿಗೆ ಬೀಳದಿರಲಿ ಅಂತ. ಅದು ಅವನಿಗೂ ಗೊತ್ತಾಯಿತು. ಆ ಸಿಟ್ಟಿನಲ್ಲೇ ಎದ್ದು, ಕಡೇಪಕ್ಷ ಧೂಳಾದರೂ ತೆಗೆಯೋಣ ಅಂತ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ಹಲಗೆಯ ಮೇಲಿದ್ದ ಪೇಪರನ್ನು ಎಳೆದ. ಅದು ಒಂದು ಪೇಪರಲ್ಲ. ಹೊಸ ಪೇಪರು ಹಾಸುವಾಗ ಹಳೆಯದನ್ನು ತೆಗೆದಿರಲೇ ಇಲ್ಲ. ಒಂದರ ಮೇಲೊಂದು ಹಾಸಿ ಹಾಸಿ ಹಾಸಿಗೆಯಷ್ಟು ದಪ್ಪವಾಗಿತ್ತು. ಗೊಣಗಿಕೊಂಡು ಅಷ್ಟನ್ನೂ ತಬ್ಬಿ ಹಿತ್ತಲಿಗೆ ಹೊತ್ತು, ಬಚ್ಚಲ ಹಂಡೆಯ ಒಲೆಯಲ್ಲಿ ಸಿಪ್ಪೆ ಜೋಡಿಸಿ, ಮೇಲಿನ ಪದರದ ಹಾಳೆಗಳನ್ನು ಉಂಡೆ ಕಟ್ಟಿ ತುರುಕಿ ಬೆಂಕಿ ಕೊಟ್ಟ.

ಎರಡನೇ ಪದರಕ್ಕೆ ಕೈ ಹಾಕಿದಾಗ ಹಾಳೆಯ ಒಳಗೆ ಮಡಚಿದ್ದ ಅಂಚು ಕಳಚಿ ಕೆಳಗೆ ಇಳಿಯಿತು. ಅದರ ತುಂಬ ಬಸ್ಸುಗಳಿದ್ದವು. ಒಂದರ ಹಿಂದೊಂದು ಬಸ್ಸು, ಪ್ರತಿಯೊಂದಕ್ಕೂ ಕಿಟಕಿ, ಪ್ರತಿ ಕಿಟಕಿಯಲ್ಲೂ ಎರಡು ಜಡೆಯ ಒಂದು ತಲೆ. ಎಲ್ಲ ನ್ಯೂಸ್‌ಪೇಪರಿನ ಅಕ್ಷರಗಳ ನಡುವೆ ಕತ್ತರಿಯೊಂದರಲ್ಲೇ ಕೊರೆದದ್ದು. ಭೀಮರಾಜು ಪೇಪರಿನ ತಲೆಯ ಮೇಲಿನ ವರ್ಷ ನೋಡಿದ. ಯಾವುದೋ ಹಳೆಯ ವರ್ಷ. ಶಿಲ್ಪ ತಿಪಟೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಲು ಶುರು ಮಾಡಿದ್ದ ವರ್ಷ. ಹೊತ್ತು ತರುವಾಗ ನಡುವಿನ ಕೆಲವು ಹಾಳೆಗಳು ಜಾರಿ ಹಿಂದುಮುಂದಾಗಿದ್ದವು.

ಅವನು ಒಲೆಯ ಮುಂದೆಯೇ ಕೂತುಬಿಟ್ಟ. ಇನ್ನೊಂದು ಅಂಚು ಬಿಡಿಸಿದ. ಅದರಲ್ಲಿ ಮನುಷ್ಯರಿದ್ದರು, ಆದರೆ ಕೈ ಕೈ ಹಿಡಿದಿರಲಿಲ್ಲ. ಒಬ್ಬೊಬ್ಬರೂ ಬೇರೆ ಬೇರೆಯಾಗಿ, ನಡುವೆ ಜಾಗ ಬಿಟ್ಟು ನಿಂತಿದ್ದರು. ಕೊರೊನಾ ಬಂದ ವರ್ಷದ್ದು. ಮತ್ತೊಂದರಲ್ಲಿ ಸಾಲಾಗಿ ತೊಟ್ಟಿಲು, ತೊಟ್ಟಿಲಿಗೆ ಗಿಳಿ. ಇನ್ನೊಂದರಲ್ಲಿ ತೆಂಗಿನ ಸಸಿ, ಮೂರು ಗರಿಯದು; ತೋಟದ ಕೆಳಗಣ ಮೂಲೆಯಲ್ಲಿ ಅವನೇ ಗುಂಡಿ ತೆಗೆದು ನೆಟ್ಟವು. ಕೆಳಕ್ಕೆ ಹೋದಂತೆ ಹೊಗೆ ಹಿಡಿದು ಹಾಳೆ ಕಂದಿತ್ತು, ಚಿತ್ರ ಸರಳವಾಗುತ್ತ ಹೋಯಿತು: ಮಾವಿನೆಲೆ, ದೀಪ, ಆಮೇಲೆ ಬರೀ ಗರಗಸದ ಹಲ್ಲು. ಎಲ್ಲಕ್ಕಿಂತ ಕೆಳಗಿನದು ಮದುವೆಯಾದ ಮೊದಲ ಯುಗಾದಿಯದು. ಹಲ್ಲುಗಳು ಒಂದು ದೊಡ್ಡದು ಒಂದು ಚಿಕ್ಕದಾಗಿ, ಹೊಸ ಸೊಸೆಯ ಕೈ ನಡುಗಿದ್ದು ಇನ್ನೂ ಕಾಣುತ್ತಿತ್ತು. ಇಷ್ಟೆಲ್ಲ ತನ್ನ ಮನೆಯಲ್ಲೇ ಇತ್ತು, ತನ್ನ ತಲೆಯ ಮೇಲೇ ಇತ್ತು ಅನ್ನುವುದನ್ನು ನಂಬುವುದು ಅವನಿಗೆ ಕಷ್ಟವಾಯಿತು.

ಆಮೇಲೆ ನಡುವಿನ ಪದರವೊಂದರಲ್ಲಿ ಅವನಿಗೆ ಅವನೇ ಸಿಕ್ಕ.

ಮುಂಡಾಸು ಕಟ್ಟಿದ ಒಬ್ಬ ಮನುಷ್ಯ, ಬೆನ್ನು ಬಗ್ಗಿದೆ, ಎರಡೂ ಕೈಯಲ್ಲಿ ಕಾಯಿ, ಕಾಯಿಯ ಕೆಳಗೆ ಮೊನೆ. ಹಲಗೆಯ ಉದ್ದಕ್ಕೂ ಅವನೇ, ಮತ್ತೆ ಮತ್ತೆ ಅವನೇ. ಎಡ ಭುಜ ಬಲಕ್ಕಿಂತ ತುಸು ಇಳಿದಿತ್ತು, ನಿಜದಲ್ಲಿ ಇರುವ ಹಾಗೆಯೇ. ಅದರ ಕೆಳಗೆ ಕೂತು ಅವನು ಒಂದು ವರ್ಷ ಪೂರ್ತಿ ಮುದ್ದೆ ಉಂಡಿದ್ದ. ಒಂದು ದಿನವಾದರೂ ತಲೆ ಎತ್ತಿರಲಿಲ್ಲ.

ಆಗ ಒಲೆಯ ನೆನಪಾಗಿ ಧಡಕ್ಕನೆ ಬಗ್ಗಿ ನೋಡಿದ. ಮೇಲಿನ ಪದರ ಬೂದಿಯಾಗಿತ್ತು. ಕೈ ಹಾಕಿ ಕೆದಕಿದರೂ ಒಂದು ಚೂರೂ ಸಿಗಲಿಲ್ಲ. ಅದು ಹೋದ ವರ್ಷದ್ದು, ಕೈ ಮುರಿಯುವ ಮುಂಚೆ ಅವಳು ಕತ್ತರಿಸಿದ ಕೊನೆಯದು. ಅದರಲ್ಲಿ ಏನಿತ್ತೆಂದು ನೆನಪಿಸಿಕೊಳ್ಳಲು ಒದ್ದಾಡಿದ. ನೋಡಿದ್ದರೆ ತಾನೇ ನೆನಪು ಬರುವುದು. ಅವನಿಗೆ ಅಳು ಬಂತು, ಅತ್ತ.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಮುಖ ಒರೆಸಿಕೊಂಡು, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ. ಸಾಲದಾಗಿ ಬಾವಿಯ ಹಗ್ಗವನ್ನೂ ತಂದ. ಒಂದೊಂದು ವರ್ಷದಿಂದ ಒಂದೊಂದು ಹಾಳೆ ತೆಗೆದು ಹಗ್ಗದ ಮೇಲೆ ಇಳಿಬಿಟ್ಟ. ಹಳೆಯವು ಮುಟ್ಟಿದರೆ ಪುಡಿಯಾಗುವಂತಿದ್ದವು. ಅವನ್ನು ಎರಡೂ ಅಂಗೈಯ ಮೇಲೆ ಇಟ್ಟುಕೊಂಡು ಉಸಿರು ಬಿಗಿಹಿಡಿದು ತಂದ.

ಪುಟ್ಟಗೌರಮ್ಮ ಬಂದಾಗ ಮಧ್ಯಾಹ್ನ ವಾಲಿತ್ತು. ಹೊಸಿಲಿನಲ್ಲೇ ಅವಳಿಗೆ ಬರೀ ಹಲಗೆ ಕಂಡಿತು.

"ಏನ್ ಮಾಡ್ಬುಟ್ರಿ? ಹಲಗೆ ಬರಿದು ಮಾಡ್ಬಾರ್ದು. ಹಳೇದ್ನ ತೆಗೀಬಾರ್ದು, ಅಂಚು ಒಳಕ್ಕೆ ಮಡಚಿ ಅದ್ರ ಮ್ಯಾಲೇ ಹೊಸದು ಹಾಸ್ಬೇಕು ಅಂತ ನಿಮ್ಮವ್ವನೇ ನಂಗೆ..."

ಮಾತು ಅಲ್ಲಿಗೇ ನಿಂತಿತು. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲು ನೇರ ಹಗ್ಗಗಳ ಮೇಲೆ ಬಿದ್ದು, ಹಾಳೆಗಳ ತೂತುಗಳಿಂದ ಸೋರಿ, ನಿನ್ನೆ ತಾನೇ ಸುಣ್ಣ ಕಂಡ ಬಿಳೀ ಗೋಡೆಯ ಮೇಲೆ ಹರಡಿತ್ತು. ಗೋಡೆಯ ಮೇಲೆ ಬಸ್ಸುಗಳಿದ್ದವು, ತೊಟ್ಟಿಲುಗಳಿದ್ದವು, ದೂರ ದೂರ ನಿಂತ ಜನರಿದ್ದರು. ಹಿತ್ತಲ ಬಾಗಿಲಿಂದ ಗಾಳಿ ಬಂದಾಗ ಹಾಳೆಗಳು ಅಲುಗಿ, ಮುಂಡಾಸಿನ ಮನುಷ್ಯರ ಸಾಲು ಬಗ್ಗಿ ಎದ್ದು, ಬಗ್ಗಿ ಎದ್ದು ಕಾಯಿ ಸುಲಿಯತೊಡಗಿತು.

ಅವಳೂ ಅವನ್ನು ಒಟ್ಟಿಗೆ ಕಂಡವಳಲ್ಲ. ಪ್ರತಿ ವರ್ಷ ತಾನೇ ಮುಚ್ಚಿ ಅದರ ಮೇಲೆ ಹೊಸದು ಹಾಸಿದವಳು. ದೇವಸ್ಥಾನದೊಳಗೆ ನಡೆಯುವವಳ ಹಾಗೆ ಮೆಲ್ಲಗೆ ಹಗ್ಗಗಳ ನಡುವೆ ನಡೆದಳು. ಅವಳ ಸೀರೆಯ ಮೇಲೂ ಮುಖದ ಮೇಲೂ ಎಲೆ ಗಿಳಿಗಳ ಬೆಳಕು ಹಾದುಹೋಯಿತು.

"ಇಷ್ಟೊಂದು ನಾನೇ ಮಾಡಿದ್ನಾ?" ಅಂದಳು.

"ಇನ್ಯಾರು ಮಾಡ್ತಾರೆ ಕಣೇ." ಭೀಮರಾಜು ಮುಂಡಾಸಿನವನ ಹತ್ತಿರ ನಿಂತಿದ್ದ. "ಇದು ನಾನಲ್ವಾ?"

"ಭುಜ ನೋಡಿದ್ರೆ ಗೊತ್ತಾಗಲ್ವಾ?"

"ಒಂದ್ ಮಾತು ಹೇಳ್ಬಾರ್ದಾಗಿತ್ತಾ ಗೌರಿ?"

"ಕೆಳಗೇ ಕೂತು ಉಣ್ತಿದ್ರಿ. ತಲೆ ಎತ್ತಿದ್ರೆ ಕಾಣ್ತಿತ್ತು." ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಖಾರವಿತ್ತು.

ಅವನು ತಲೆ ತಗ್ಗಿಸಿದ. ಹೇಳದೆ ವಿಧಿಯಿರಲಿಲ್ಲ. "ಮೇಲಿಂದು ಸುಟ್ಟಾಕ್ಬುಟ್ಟೆ ಕಣೇ. ಹೋದ್ ವರ್ಸದ್ದು. ಗೊತ್ತಿಲ್ದೆ ಒಲೆಗೆ ಹಾಕ್ಬುಟ್ಟೆ. ಅದ್ರಾಗೆ ಏನಿತ್ತು ಅಂತ್ಲೂ ನಂಗೆ ಗೊತ್ತಿಲ್ಲ." ಅವಳ ಕಡೆ ಒಂದು ಹೆಜ್ಜೆ ಇಟ್ಟ. "ಏನಿತ್ತು ಅಂತ ಹೇಳು. ಬಾಯಲ್ಲಾದ್ರೂ ಹೇಳು."

ಪುಟ್ಟಗೌರಮ್ಮ ಅವನ ಮಸಿ ಹಿಡಿದ ಕೈಗಳನ್ನು ನೋಡಿದಳು. ಬರೀ ಹಲಗೆಯ ಕಡೆ ತಿರುಗಿ, ಅಲ್ಲಿ ಇನ್ನೂ ಏನೋ ಇಳಿಬಿದ್ದಿದೆ ಅನ್ನುವಂತೆ ನೋಡುತ್ತ ನಿಂತಳು.

"ಅದ್ನ ಬಾಯಲ್ಲಿ ಹೆಂಗೆ ಹೇಳೋದು," ಅಂದಳು. "ಮೊದ್ಲು ನಾಲ್ಕು ಮಡಿಕೆ ಹಾಕ್ಬೇಕು. ಆಮ್ಯಾಕೆ ಇಲ್ಲಿ ಕೆಳಗಿಂದ ಹಿಡ್ಕಂಡು, ಹಿಂಗೆ ಸುತ್ತಿ ಬಂದು..."

ಎಡಗೈ ಇಲ್ಲದ ಹಾಳೆಯೊಂದನ್ನು ಎತ್ತಿ ಹಿಡಿಯಿತು. ಬಲಗೈ ಸೆರಗಿನಿಂದ ಹೊರಗೆ ಬಂತು. ಹೆಬ್ಬೆರಳೂ ನಡುಬೆರಳೂ ಒಂದನ್ನೊಂದು ಬಿಟ್ಟು ಕೂಡಿದವು, ಬಿಟ್ಟು ಕೂಡಿದವು, ನಡುಗುತ್ತ, ಒಂದು ಕಾಳಿನಷ್ಟೇ ಅಗಲಕ್ಕೆ. ಅವಳ ಕಣ್ಣು ಹಲಗೆಯ ಮೇಲೇ ಇತ್ತು. ಕೈಯ ಕಡೆ ಅವಳು ನೋಡಲಿಲ್ಲ.

ಭೀಮರಾಜು ನೋಡಿದ. ಬಾಯಿ ಬಿಟ್ಟರೆ ಎಲ್ಲಿ ಆ ಬೆರಳುಗಳು ನಿಂತುಬಿಡುತ್ತವೋ ಎಂದು, ತಲೆಯಾಡಿಸುವುದನ್ನೂ ಮರೆತು, "ಹಿಂಗೆ ಮ್ಯಾಲಕ್ಕೆ, ಆಮ್ಯಾಕೆ ಹಿಂಗೆ," ಎಂದು ಅವಳು ಹೇಳುವುದನ್ನು ಕೇಳಿಸಿಕೊಳ್ಳುತ್ತ ನಿಂತಿದ್ದ.