ಬೆಲ್ಟಿನಿಂದ ಬಾಗಿಲು ಅಳೆದವರು

ನಾವೆಲ್ಲ ಅಣ್ಣನೆಂಬ ಅರ್ಥದಲ್ಲಿ ಮನೋಂಗ್ ಎನ್ನುತ್ತಿದ್ದ ಕ್ಲೇತೊ ಯಾರ ಮನೆಗೆ ಬಂದರೂ ಮೊದಲು ಮಾಡುತ್ತಿದ್ದ ಕೆಲಸ ಸೊಂಟದ ಬೆಲ್ಟು ಬಿಚ್ಚುವುದು. ಹೊಸಬರು ಗಾಬರಿಯಾಗುತ್ತಿದ್ದರು, ಹೆಂಗಸರು ಮುಖ ತಿರುಗಿಸುತ್ತಿದ್ದರು, ಅವರಾದರೋ ಎಡಗೈಯಲ್ಲಿ ಪ್ಯಾಂಟನ್ನು ಬಿಗಿಯಾಗಿ ಹಿಡಿದುಕೊಂಡು, ಬಲಗೈಯಲ್ಲಿ ಬೆಲ್ಟನ್ನು ಬಾಗಿಲ ಚೌಕಟ್ಟಿಗೆ ಅಡ್ಡ ಹಿಡಿದು, ಅದನ್ನೇ ಒಯ್ದು ಒಳಗಿನ ಬೀರುವಿನ ಬೆನ್ನಿಗೂ ಹಿಡಿದು, "ಇದು ಹೊರಗೆ ಬರಲ್ಲ. ಒಳಗೆ ಹೇಗೆ ಬಂತು?" ಎಂದು ಕಳವಿನ ವಿಚಾರಣೆಗೆ ಬಂದವರ ಧಾಟಿಯಲ್ಲಿ ಕೇಳುತ್ತಿದ್ದರು. ಬೀರು ಒಳಗಿದ್ದದ್ದು ಬೀರುವಿನ ತಪ್ಪಲ್ಲವೆಂದು ಮನೆಯವರು ಸಮಜಾಯಿಷಿ ಹೇಳುವಷ್ಟರಲ್ಲಿ ಅವರು ಕಿಟಕಿಯ ಅಳತೆಗೆ ಹೋಗಿರುತ್ತಿದ್ದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಬಾಗಿಯೊ ಪಟ್ಟಣದ ನಮ್ಮ ಗುಡ್ಡದವರು ಆ ಮಾತಿಗೆ ಮನೆ ಬದಲಿಸಿ ನೋಡು ಎಂಬುದನ್ನೂ ಸೇರಿಸಬೇಕು. ಗುಡ್ಡದ ನೆತ್ತಿಗೊಂದು ರಸ್ತೆ, ಪಾದಕ್ಕೊಂದು ರಸ್ತೆ. ನಡುವೆ ಒಂದರ ಮೇಲೊಂದು ಹತ್ತಿ ಕುಳಿತ ತಗಡಿನ ಮನೆಗಳು, ಅವುಗಳ ಸಂದಿಯಲ್ಲಿ ಪಾಚಿ ಹಿಡಿದ ಮೆಟ್ಟಿಲು, ಮೆಟ್ಟಿಲಿಗೆ ಚಪ್ಪರ ಹಾಕಿದ ಸೀಮೆಬದನೆಯ ಬಳ್ಳಿ. ಲಾರಿ ರಸ್ತೆಯನ್ನು ಬಿಟ್ಟು ಒಂದಡಿ ಈಚೆ ಬರಲಾರದು. ಮಂಚವೋ, ಹಂಡೆಯೋ, ಮನುಷ್ಯರ ಹೆಗಲೇರಿಯೇ ಸಾಗಬೇಕು. ಆ ಹೆಗಲುಗಳು ನೆರೆಹೊರೆಯವರವು, ಅವಕ್ಕೆ ಕೂಲಿ ಕೊಡುವುದೆಂದರೆ ಅವಮಾನ ಮಾಡಿದಂತೆ, ಊಟ ಹಾಕದಿದ್ದರೆ ಅದಕ್ಕಿಂತ ದೊಡ್ಡ ಅವಮಾನ. ಹೀಗಾಗಿ ನಮ್ಮಲ್ಲಿ ಮನೆ ಸಾಗಿಸುವ ಖರ್ಚನ್ನು ಅಂದಾಜು ಮಾಡುವವರು ಲಾರಿಯ ಬಾಡಿಗೆಯನ್ನಲ್ಲ, ಅಡುಗೆಯನ್ನು ಮೊದಲು ಲೆಕ್ಕ ಹಾಕುತ್ತಾರೆ.

ಈ ವಿದ್ಯೆಯಲ್ಲಿ ಮನೋಂಗ್ ಕ್ಲೇತೊ ನಿಸ್ಸಂಶಯವಾಗಿ ಪಂಡಿತರು. ವೃತ್ತಿಯ ಕಾಲವನ್ನೆಲ್ಲ ಬಸ್ಸು ನಿಲ್ದಾಣದಲ್ಲಿ, ಮನಿಲಾಕ್ಕೆ ಹೊರಟ ಬಸ್ಸುಗಳ ತಲೆಯ ಮೇಲೆ ಕೋಸಿನ ಮೂಟೆ ಏರಿಸುತ್ತ ಕಳೆದವರು. ನಿವೃತ್ತಿಯ ನಂತರವೂ ಅವರ ನಡಿಗೆಯಿಂದ ಆ ಭಾರ ಇಳಿದಿರಲಿಲ್ಲ. ಒಂದು ಹೆಗಲನ್ನು ಮುಂದೆ ಮಾಡಿ, ಓರೆಯಾಗಿ, ಕಣ್ಣಿಗೆ ಕಾಣದ ಬೀರುವೊಂದರ ತುದಿ ಹಿಡಿದವರಂತೆ ಓಣಿಯಲ್ಲಿ ಸಾಗುತ್ತಿದ್ದರು. ಹಳೆಬಟ್ಟೆಯ ಸಂತೆಯಲ್ಲಿ ಕೊಂಡ ಕಂದು ಬಣ್ಣದ ದಪ್ಪ ಕೋಟು, ಅದರ ಕಾಲರಿನಲ್ಲಿ ಯಾವುದೋ ದೇಶದ ಯಾವನೋ ಪುಣ್ಯಾತ್ಮನ ಹೆಸರಿನ ಕಸೂತಿ. ಆ ಹೆಸರು ಹಿಡಿದು ಯಾರಾದರೂ ಕರೆದರೆ ಕೋಪವಿಲ್ಲದೆ ಓಗೊಡುತ್ತಿದ್ದರು. ಇನ್ನು ಮಾತು. ನೀವು ಏನೇ ಹೇಳಿ, "ಸರಿ, ಆಮೇಲೆ?" ಎನ್ನುವರು. ಮಗಳಿಗೆ ಗಂಡು ಗೊತ್ತಾಯಿತು ಎಂದರೂ "ಸರಿ, ಆಮೇಲೆ?" ಮನುಷ್ಯ ನಿಂತಲ್ಲಿ ನಿಲ್ಲಲಾರ, ಮುಗಿದದ್ದನ್ನು ಮುಗಿಯಿತೆಂದು ನಂಬಲಾರ. ಎದುರಿಗಿದ್ದವರಿಗೂ ಕಾಲ ಕೆಳಗೆ ಏನೋ ಜರುಗುತ್ತಿದೆ ಎಂಬ ತಳಮಳ ಹತ್ತಿಸಿ ಹೋಗುತ್ತಿದ್ದರು.

ನಾನು ಈಗಿರುವ ಓಣಿಗೆ ಬಂದಾಗ ನನ್ನ ಬಳಿ ತೇಗದ ದೊಡ್ಡದೊಂದು ಮೇಜಿತ್ತು, ಅದರ ಬಗ್ಗೆ ನನಗೆ ಜಂಭವೂ ಇತ್ತು. ಅವರು ಬೆಲ್ಟು ಬಿಚ್ಚಿದರು, ಅಳೆದರು, ನಿಟ್ಟುಸಿರುಬಿಟ್ಟರು. "ತಮ್ಮಾ, ಇದನ್ನ ಇಳಿಸೋರಿಗೆ ಹಾಕೋ ಊಟದ ದುಡ್ಡಲ್ಲಿ ಇಂಥವು ಎರಡು ಬರ್ತವೆ. ಮೇಜು ಮಾರಿಬಿಡು, ಕೋಳಿ ತಗೋ." ಮಾರಿದೆ. ಯಾರು ಭಾರವಾದದ್ದು ಹೊರುತ್ತಾರೆ, ಯಾರು ದಿಂಬು ಹೊತ್ತು ಪನ್ಸಿತ್ ಶಾವಿಗೆಯ ಎರಡು ತಟ್ಟೆ ಖಾಲಿ ಮಾಡುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅಂದಿನ ಅಡುಗೆಯಲ್ಲಿ ಒಂದು ತುತ್ತೂ ಉಳಿಯಲಿಲ್ಲ, ಒಬ್ಬರಿಗೂ ಕಡಿಮೆಯಾಗಲಿಲ್ಲ. ಮೇಜಿಲ್ಲದೆ ನಾನು ಇವತ್ತಿಗೂ ಹಲಗೆಯ ಮೇಲೆ ಬರೆಯುತ್ತಿದ್ದೇನೆ.

ಇಂಥವರಿಗೆ ತಮ್ಮ ಮನೆಯನ್ನು ಸಾಗಿಸುವುದು ಮಾತ್ರ ಆಗಲಿಲ್ಲ.

ಅವರ ಹೆಂಡತಿ, ಊರಿಗೆಲ್ಲ ಮನಾಂಗ್ ಅಂದರೆ ಅಕ್ಕನಾದ ಔರಿಂಗ್, ಜನ ಓಡಾಡುವ ಬಾಡಿಗೆ ಜೀಪ್ನಿಗಳು ನಿಲ್ಲುವ ಕೆಳರಸ್ತೆಯ ಮೂಲೆಯಲ್ಲಿ ತರಕಾರಿ ಮಾರುತ್ತಿದ್ದವರು. ಸೀಮೆಬದನೆಯ ಗುಡ್ಡೆಯ ಹಿಂದೆ ಕೂತು, ಹತ್ತುವವರ ಇಳಿಯುವವರ ಮನೆವಾರ್ತೆಯನ್ನೆಲ್ಲ ವಿಚಾರಿಸಿಕೊಂಡು, ಅರ್ಧ ಗುಡ್ಡದವರ ಜಗಳ ಬಿಡಿಸಿ ಇನ್ನರ್ಧದವರಿಗೆ ಹಚ್ಚುತ್ತಿದ್ದ ಹೆಂಗಸು. ಮಂಡಿಗಳು ಕೈಕೊಟ್ಟವು. ಮನೆಯಿದ್ದದ್ದು ಗುಡ್ಡದ ನಡುಮಧ್ಯ. ಮೇಲಕ್ಕೂ ಮೆಟ್ಟಿಲು, ಕೆಳಕ್ಕೂ ಮೆಟ್ಟಿಲು. ಎರಡು ಮಳೆಗಾಲ ಆಕೆ ಆ ಕೋಣೆ ಬಿಟ್ಟು ಹೊರಬರಲಿಲ್ಲ. ಆರಂಭದಲ್ಲಿ ನೋಡಲು ಬರುತ್ತಿದ್ದವರು, ಎಲ್ಲರಂತೆಯೇ, ಕಡಿಮೆಯಾದರು. ಹೋದಾಗಲೆಲ್ಲ ನನ್ನನ್ನು ಕೇಳುತ್ತಿದ್ದದ್ದು ಒಂದೇ: ಇವತ್ತು ರಸ್ತೆಯಲ್ಲಿ ಯಾರು ಸಿಕ್ಕಿದರು. ನಾನು ನಿಜವಾಗಿ ಸಿಕ್ಕವರು ಸಾಲದೆ ಕಲ್ಪಿಸಿಯೂ ಹೇಳುತ್ತಿದ್ದೆ.

ಕೆಳರಸ್ತೆಗೇ ಬಾಗಿಲು ತೆರೆಯುವ ಒಂದು ಕೋಣೆ ಖಾಲಿಯಾಯಿತು. ಅದರ ಒಡತಿ ಮನಾಂಗ್ ಪಸ್ಯಾಂಗ್ ಖಂಡತುಂಡವಾಗಿ ಹೇಳಿದಳು: "ಔರಿಂಗ್‌ಗೋಸ್ಕರ ಹಿಡಿದಿಟ್ಟಿದೀನಿ, ಮನೋಂಗ್. ಮಳೆ ಹಿಡಿಯೋದರೊಳಗೆ ಬಂದ್ರೆ ಸರಿ. ಇಲ್ಲಾಂದ್ರೆ ಟಯರು ರಿಪೇರಿ ಅಂಗಡಿಯವನಿಗೆ ಕೊಡ್ತೀನಿ, ಅವನು ದಿನಾ ಬಂದು ಕೇಳ್ತಾನೆ." ಮನೋಂಗ್ ಕ್ಲೇತೊ ಅಂದಿನಿಂದ ಲೆಕ್ಕಕ್ಕೆ ಕೂತರು, ಕೂತರು ಎಂಬುದು ಸುಳ್ಳು, ಅಲೆದಾಡತೊಡಗಿದರು. ಸಾಮಾನನ್ನು ಕೆಳಮೆಟ್ಟಿಲಲ್ಲೇ ಇಳಿಸಿದರೆ ಲಾರಿಯ ಬಾಡಿಗೆ ಉಳಿಯುತ್ತದೆ, ಆದರೆ ದಾರಿ ಉದ್ದ, ಹೆಗಲು ಹೆಚ್ಚು ಬೇಕು, ಊಟ ಬೆಳೆಯುತ್ತದೆ. ಮೇಲಿನ ರಸ್ತೆಗೆ ಹತ್ತಿಸಿ ಲಾರಿಯಲ್ಲಿ ಗುಡ್ಡ ಸುತ್ತಿಸಿದರೆ ಊಟ ಕುಗ್ಗುತ್ತದೆ, ಬಾಡಿಗೆ ಬೆಳೆಯುತ್ತದೆ. ಬೆಳಿಗ್ಗೆ ನಿರ್ಧರಿಸಿದ್ದನ್ನು ಸಂಜೆ ಮುರಿದರು. ಲಾರಿಯವನಿಗೆ ದಿನ ಗೊತ್ತುಮಾಡಿ ಬಿಡಿಸಿದರು, ಮತ್ತೆ ಗೊತ್ತುಮಾಡಿದರು. ಪೈನ್ ಮರಗಳ ಮೇಲೆ ಮೋಡಗಳು ಇಳಿದು ಕೂರತೊಡಗಿದವು. ಪಸ್ಯಾಂಗಳ ಅಂಗಳದಲ್ಲಿ ಟಯರಿನವನು ಬೆಂಚು ಹಾಕಿಕೊಂಡು ಕಾಫಿ ಕುಡಿಯುವುದು ಕಾಣತೊಡಗಿತು. ನನಗೆ ರೇಗಿಹೋಯಿತು. ಊರಿಗೆಲ್ಲ ಒಂದು ಗಳಿಗೆಯಲ್ಲಿ ಲೆಕ್ಕ ಹೇಳುವವರು ಹೆಂಡತಿಯ ವಿಷಯದಲ್ಲಿ ಜಿಪುಣತನ ಮಾಡುತ್ತಿದ್ದಾರೆಂದು ಬಗೆದು, ದಾರಿಯಲ್ಲಿ ತಡೆದು ಅದನ್ನೇ ಅಂದೆ.

ಅವರು ಮೆಟ್ಟಿಲಿನ ಪಾಚಿಯನ್ನು ಬೂಟಿನ ತುದಿಯಿಂದ ಕೆರೆಯುತ್ತ ನಿಂತರು. "ಮಂಚ ಇಳಿಯುತ್ತೆ, ಬೀರು ಇಳಿಯುತ್ತೆ ತಮ್ಮಾ. ಅವಳು ಕುರ್ಚಿ ಮೇಲಿರುವಾಗ ಒಬ್ಬನ ಕಾಲು ಜಾರಿದ್ರೆ? ಆಮೇಲೆ?"

ಆ ಒಂದು 'ಆಮೇಲೆ'ಗೆ ಉತ್ತರವಿದ್ದದ್ದು ಮನಾಂಗ್ ಔರಿಂಗ್ ಬಳಿ. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಆಕೆ ಕೂಗಿ ಹೇಳಿದರು: "ಏ ಮುದುಕಾ, ನನ್ನ ಒಂದು ಕೋಸಿನ ಮೂಟೆ ಅಂದ್ಕೋ. ಅವನ್ನ ಇಳಿಸೋವಾಗ ಹಿಂಗೆ ನಡುಗ್ತಿದ್ಯಾ?"

"ಕೋಸು ಬಿದ್ರೆ ಇನ್ನೊಂದು ಸಿಗುತ್ತೆ, ಮುದುಕಿ," ಎಂದರು ಇವರು. ಹೀಗೆ ಅಂದದ್ದಕ್ಕೆ ತಾವೇ ನಾಚಿ ಮೇಲಕ್ಕೆ ಹತ್ತಿ ಹೋದರು. ಆ ವಾರದಲ್ಲೇ ಹೊರಡುವುದು, ಸಾಮಾನು ಮೇಲಿನ ರಸ್ತೆಯಿಂದ ಲಾರಿಯಲ್ಲಿ, ಆಕೆ ಕುರ್ಚಿಯಲ್ಲಿ ಕೆಳಮೆಟ್ಟಿಲ ಮೇಲೆ, ಎಂದಾಯಿತು.

ಹೊರಟ ಬೆಳಿಗ್ಗೆ, ಕರೆಯದೆಯೇ ಜನ ಬಂದರು. ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಉಪ್ಪು, ಅಕ್ಕಿ ಹೋಗಬೇಕು. ಅವು ಹೊಸ್ತಿಲು ದಾಟುವ ತನಕ ಚಮಚವೂ ಒಳಗೆ ಹೋಗಕೂಡದು, ಮನುಷ್ಯರಂತೂ ಹೋಗಲೇಕೂಡದು. ಅದನ್ನು ಯಾರೂ ಮರೆಯಬಾರದೆಂದು ಮನೋಂಗ್ ಕ್ಲೇತೊ ಉಪ್ಪಿನ ಭರಣಿಯನ್ನೂ ಅಕ್ಕಿಯ ಡಬ್ಬಿಯನ್ನೂ ಸ್ವತಃ ಹೊತ್ತು ಮೇಲಿನ ರಸ್ತೆಗೆ ಒಯ್ದು, ಎಲ್ಲಕ್ಕಿಂತ ಮೊದಲು, ಲಾರಿಯ ಒಳಗೋಡೆಗೆ ಆನಿಸಿ ಭದ್ರಮಾಡಿದರು. ಉಳಿದದ್ದನ್ನು ಏರಿಸುವ ಕೆಲಸ ನೆರೆಯವರಿಗೆ ಬಿಟ್ಟು ಹೆಂಡತಿಯ ಕುರ್ಚಿಗೆ ಓಡಿಬಂದರು.

ಆ ಇಳಿತವನ್ನು ನಾನು ಮರೆಯಲಾರೆ, ಏಕೆಂದರೆ ಕುರ್ಚಿಯ ಒಂದು ಕಾಲು ನನ್ನ ಕೈಯಲ್ಲಿತ್ತು. ನಾಲ್ವರು ಹೊತ್ತಿದ್ದೆವು. ಮನೋಂಗ್ ಕ್ಲೇತೊ ನಮ್ಮ ಮುಂದೆ, ಹೆಂಡತಿಯ ಮುಖ ನೋಡುತ್ತ ಹಿಮ್ಮುಖವಾಗಿ ಇಳಿಯುತ್ತಿದ್ದರು; ಹಿಮ್ಮಡಿಯಿಂದ ಮೆಟ್ಟಿಲನ್ನು ತಡಕಿ, ಒತ್ತಿ ನೋಡಿ, ಬರಬಹುದೆಂದು ತಲೆಯಾಡಿಸಿ, "ಸರಿ, ಆಮೇಲೆ?" ಎಂದು ತಮಗೆ ತಾವೇ ಅಂದುಕೊಳ್ಳುತ್ತ. ಬಿದ್ದರೆ ತಮ್ಮ ಮೇಲೆಯೇ ಬೀಳಲಿ ಎಂದು ಎರಡು ಕೈಯನ್ನೂ ಚಾಚಿಕೊಂಡಿದ್ದರು.

"ಆಮೇಲೆ ಇನ್ನೊಂದು ಮೆಟ್ಟಿಲು," ಎಂದರು ಮೇಲೆ ಕೂತಿದ್ದ ಮನಾಂಗ್ ಔರಿಂಗ್. "ಇನ್ನೇನಿರುತ್ತೆ?"

ಯಾರ ಕಾಲೂ ಜಾರಲಿಲ್ಲ. ಕುರ್ಚಿಯನ್ನು ರಸ್ತೆಯ ಅಂಚಿಗೆ ಇಳಿಸಿದಾಗ ಮನೋಂಗ್ ಗೋಡೆಗೆ ಒರಗಿ ಬಾಯಿಂದ ಉಸಿರಾಡಿದರು. ಸ್ವಲ್ಪ ಹೊತ್ತಿಗೆ ಗುಡ್ಡ ಸುತ್ತಿದ ಲಾರಿ ಬಂದು ನಿಂತಿತು, ಹಿಂಬಾಗಿಲು ತೆರೆಯಿತು. ಮಂಚ, ತಗಡು, ಬೀರು, ಹಾಸಿಗೆ, ಸಂತ ಅಂತೋನಿಯ ವಿಗ್ರಹ, ಕೋಳಿಗೂಡು. ಇವೆಲ್ಲದರ ಹಿಂದೆ, ಆಚೆ ತುದಿಯಲ್ಲಿ, ಉಪ್ಪು ಮತ್ತು ಅಕ್ಕಿ.

ಪಸ್ಯಾಂಗ್ ಬಾಗಿಲಿಗೆ ಅಡ್ಡ ನಿಂತಳು. "ಉಪ್ಪೆಲ್ಲಿ, ಮನೋಂಗ್?"

ಕೊನೆಗೆ ಇಳಿಯಬೇಕಾದದ್ದನ್ನು ಮೊದಲು ಏರಿಸಬೇಕೆಂಬುದು ಬಸ್ಸಿನ ತಲೆಯ ಮೇಲೆ ಬದುಕು ಸವೆಸಿದವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಅವರ ಮುಖ ಬಿಳಿಚಿತು. ಪಕ್ಕದ ಅಂಗಡಿಯಲ್ಲಿ ಒಂದು ಪೊಟ್ಟಣ ಉಪ್ಪು ಕೊಂಡರಾಯಿತೆಂದು ನಾನು ಸಲಹೆ ಕೊಟ್ಟೆ. ಇಬ್ಬರೂ ಏಕಕಾಲಕ್ಕೆ ನನ್ನನ್ನು ದುರುಗುಟ್ಟಿ ನೋಡಿದರು. ನಮ್ಮ ಗುಡ್ಡದ ಹಿರಿಯರ ಪ್ರಕಾರ ಅಂಗಡಿಯ ಉಪ್ಪು ಇನ್ನೂ ಯಾರ ಮನೆಯದೂ ಅಲ್ಲ.

ಹಾಗಾಗಿ ಸಂಸಾರವಿಡೀ ರಸ್ತೆಗಿಳಿಯಿತು. ಜೀಪ್ನಿಗಳು ಸಾಲುಗಟ್ಟಿ ಹಾರ್ನು ಬಾರಿಸಿದವು. ಮನೋಂಗ್ ಕ್ಲೇತೊ ಕೋಟು ಕಳಚಿ ಹೆಂಡತಿಯ ಮಂಡಿಯ ಮೇಲೆ ಹೊದಿಸಿ, ಲಾರಿಯೊಳಗೆ ನುಗ್ಗಿ, ಎಲ್ಲರನ್ನೂ ಬೈಯುತ್ತ, ತಮ್ಮನ್ನು ಹೆಚ್ಚು ಬೈದುಕೊಳ್ಳುತ್ತ ಅಗೆಯತೊಡಗಿದರು. ಅಷ್ಟರಲ್ಲಿ ನಿಂತ ಜೀಪ್ನಿಯೊಂದರಿಂದ ಕತ್ತೊಂದು ಹೊರಬಂತು. "ಮನಾಂಗ್ ಔರಿಂಗ್ ಅಲ್ವಾ? ಹೋಗೇಬಿಟ್ರಿ ಅಂದ್ಕೊಂಡಿದ್ವಿ."

"ಹೋಗಿದ್ರೆ ನೀನು ನನ್ನ ಸಾವಿನ ಊಟಕ್ಕೆ ಬರದೆ ಇರ್ತಿದ್ಯಾ?"

ಜೀಪ್ನಿಯೆಲ್ಲ ನಕ್ಕಿತು. ಒಬ್ಬಳು ಇಳಿದು ಬಂದು ಕೈ ಹಿಡಿದುಕೊಂಡಳು, ಹಿಂದೆಯೇ ಇನ್ನೊಬ್ಬಳು. ಚಾಲಕ ಇಂಜಿನ್ನು ಆರಿಸಿ ತನ್ನ ಅತ್ತೆಯ ಮೇಲಿನ ದೂರು ಆರಂಭಿಸಿದ. ಈಗ ಆ ಮೂಲೆಯಲ್ಲಿ ಕೂರುವ ತರಕಾರಿಯವಳು ಸೀಮೆಬದನೆಯ ಬೆಲೆ ಹೇಳಿ ಬೈಸಿಕೊಂಡಳು. ಎರಡು ಮಳೆಗಾಲದ ಸುದ್ದಿ, ಸಾವು, ಬಾಣಂತನ, ಓಡಿಹೋದವರು, ತಿರುಗಿ ಬಂದವರು, ಎಲ್ಲ ಆ ಕುರ್ಚಿಯ ಸುತ್ತ ಬಂದು ನಿಂತವು. ನಾನು ಕಲ್ಪಿಸಿ ಹೇಳಿದ್ದ ಕೆಲವು ಸುದ್ದಿಗಳೂ ಅಲ್ಲೇ ಸಿಕ್ಕಿಬಿದ್ದವು. ಆಕೆ ನನ್ನತ್ತ ಒಮ್ಮೆ ನೋಡಿ ಮುಂದಿನ ಸುದ್ದಿ ಕೇಳಿದರು.

ಕೊನೆಗೂ ಭರಣಿ ಸಿಕ್ಕಿತು. ಮೈಯೆಲ್ಲ ಧೂಳಾಗಿ, ಅದನ್ನು ಎದೆಗವಚಿಕೊಂಡು ಮನೋಂಗ್ ಜನರನ್ನು ಸೀಳಿ ಬಂದರು. "ಸಿಕ್ತು, ಮುದುಕಿ. ತಪ್ಪಾಯ್ತು. ನಡಿ, ಒಳಗೆ ಹೋಗೋಣ."

"ಉಪ್ಪು ಹೋಗ್ಲಿ," ಎಂದರು ಮನಾಂಗ್ ಔರಿಂಗ್, ಹಿಡಿದಿದ್ದ ಕೈಯನ್ನು ಬಿಡದೆ. "ನಾನು ಒಳಗಿದ್ದದ್ದು ಸಾಕು."

ಪ್ರೀತಿಯನ್ನು ಬಾಯಲ್ಲಿ ಹೇಳಲು ಬಾರದೆ ಅದನ್ನೊಂದು ಕೆಲಸವಾಗಿ ಮಾಡಿಕೊಂಡ ಇಂಥವರು ಓಣಿಗೊಬ್ಬರಾದರೂ ಇರುತ್ತಾರೆ. ಅವರ ಜೊತೆ ಬಾಳುವುದು ಸುಖವಲ್ಲ. ಅವರ ತಳಮಳ ಮನೆಮಂದಿಗೆಲ್ಲ ತಗಲುತ್ತದೆ. ಎಷ್ಟು ಅಂಜಿದರೂ ಅವರು ಅಂಜಿದ್ದು ನಡೆಯುವುದಿಲ್ಲ, ಎಷ್ಟು ಯೋಚಿಸಿದರೂ ಯೋಚಿಸದೆ ಬಿಟ್ಟದ್ದೇ ನಡೆಯುತ್ತದೆ, ಮತ್ತು ತಮ್ಮವರಿಗೆ ಬೇಕಾಗಿದ್ದ ಸುಖ ತಮ್ಮ ಲೆಕ್ಕ ತಪ್ಪಿದ ಕಡೆಯಲ್ಲೇ ದೊರೆತದ್ದನ್ನು ಅವರು ಸೋಲೆಂದೇ ತಿಳಿದು ಕೊರಗುತ್ತಾರೆ. ಆದರೆ ಲೆಕ್ಕ ಬೇಡ, ಆದದ್ದಾಗಲಿ ಎನ್ನುವ ನನ್ನಂಥ ನಿರಾಳದವರು ಎರಡು ಮಳೆಗಾಲ ಆಕೆಗೆ ರಸ್ತೆಯ ಕಥೆ ಹೇಳಿದೆವು. ಆಕೆಯನ್ನು ರಸ್ತೆಗೆ ತಂದವರು ಅವರು.