ಹದಿನೈದು ಹೆಜ್ಜೆ

ಜಗಲಿಯ ಅರ್ಧಕ್ಕೆ ಸೆಗಣಿ ಸಾರಿಸಿ ಆಗಿತ್ತು. ಜಲಜಾಕ್ಷಿ ಕೂತಲ್ಲಿಂದಲೇ ಹಿಂದೆ ಹಿಂದೆ ಸರಿಯುತ್ತಾ ಗಂಡನ ಕಾಲಿನ ಬಳಿಗೆ ಬಂದಳು.

"ಒಮ್ಮೆ ಕಾಲೆತ್ತಿ ಮಾರಾಯ್ರೆ."

ಮುಂಡಪ್ಪ ಎತ್ತಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಜಗಲಿಯ ಕಂಬ ಹಿಡಿದು, ಮನೆಯ ಮೇಲಿನ ಪದವಿನ ಬೋಳು ಗುಡ್ಡೆಬಯಲನ್ನು ನೋಡುತ್ತಾ ಕೂರುವುದು ಅವನ ಅಭ್ಯಾಸ. ಅವಳು ಪಾದಗಳ ಸುತ್ತಲೇ ಸಾರಿಸಿದಳು. ಬೆರಳು ಹಿಮ್ಮಡಿಗೆ ತಾಗಿತು. ನೆಲಕ್ಕಿಂತ ತಣ್ಣಗಿತ್ತು.

ಉಳಿದಷ್ಟು ಜಗಲಿಯನ್ನೂ ಸಾರಿಸಿ ಮುಗಿಸಿದ ಮೇಲೆಯೇ ಅವಳು ನೆರೆಯ ಪ್ರೇಮಾವತಿಯನ್ನು ಕೂಗಿ ಕರೆದಳು. ಬರುವವರು ಕೂರಬೇಕಲ್ಲ.

ಹತ್ತು ಗಂಟೆಗೆ ಅಂಗಳ ತುಂಬಿತು. ಮಂಜು ಇನ್ನೂ ಸರಿದಿರಲಿಲ್ಲ. ಪದವಿನ ಮೇಲೆ ಹಾದುಹೋದ ಕರೆಂಟಿನ ದೊಡ್ಡ ತಂತಿ, ಮಂಜಿನ ದಿನಗಳಲ್ಲಿ ಮಾಡುವ ಹಾಗೆ, ಗುಂಯ್‌ಗುಡುತ್ತಿತ್ತು. ಹೆಣವನ್ನು ಮೀಯಿಸಿ ಬಿಳಿ ಬಟ್ಟೆ ಹೊದೆಸಿದ್ದರು. ಕಂಬದಿಂದ ಬಿಡಿಸಿದ ಬಲಗೈ ಮಾತ್ರ ಕೆಳಗೆ ಬರಲೊಲ್ಲದು. ಮೊಣಕೈಯಿಂದ ಮೇಲಕ್ಕೆ ನೆಟ್ಟಗೆ ನಿಂತು, ಒಂದು ಕೋಲು ಹಿಡಿಯುವಷ್ಟು ಜಾಗ ಬಿಟ್ಟು ಬೆರಳು ಮಡಚಿತ್ತು. ಬಟ್ಟೆ ಅಲ್ಲಿ ಡೇರೆಯಂತೆ ಎದ್ದಿತ್ತು.

"ಬಾವುಟ ಹಿಡಿದ ಕೈ ಅದು," ಅಂದಳು ಪ್ರೇಮಾವತಿ. "ಲೈನಿನ ಸರ್ವೆಯವರ ಒಟ್ಟಿಗೆ ಎಷ್ಟು ಗುಡ್ಡೆಗಳಲ್ಲಿ ನಿಂತದ್ದು! ಈಗ ಯಾರಿಗೆ ಹಿಡಿದದ್ದೋ."

"ಯಮನಿಗೆ. ಅವನಿಗೂ ನಮ್ಮ ಊರಿನ ದಾರಿ ಗೊತ್ತಾಗ್ಬೇಕಲ್ಲ," ಅಂದ ಒಬ್ಬ ಮುದುಕ. ಒಂದಿಬ್ಬರು ನಕ್ಕು, ಕೂಡಲೇ ಬಾಯಿಗೆ ಕೈ ಇಟ್ಟುಕೊಂಡರು.

ಕೊಳ್ಳಿ ಇಡಬೇಕಾದ ಸೋದರಳಿಯ ಶಂಭು ಹಗ್ಗ ತಂದ. "ಮಾಮಿ, ಕಟ್ಟಿ ಬಿಡುವ."

"ಬೇಡ. ಬದುಕಿದ್ದಾಗಲೂ ಯಾರ ಮಾತೂ ಕೇಳಿದವರಲ್ಲ. ಹಾಗೇ ಇರ್ಲಿ."

ಸುದ್ದಿ ಸಿಕ್ಕಿದ ಕೂಡಲೇ ಮೂಡುಬಿದಿರೆಯಿಂದ ಬಸ್ಸು ಹತ್ತಿ ಬಂದಿದ್ದ ಸುಬ್ಬಪ್ಪ ಆ ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಸರ್ವೆಯಲ್ಲಿ ಮುಂಡಪ್ಪನ ಜೊತೆಗಾರ; ಈಗಲೂ ಲೈನಿನ ಆಫೀಸಿನಲ್ಲೇ ಕೆಲಸ. ಅವನು ಜಲಜಾಕ್ಷಿಯನ್ನು ಒಳಕೋಣೆಯ ಬಾಗಿಲಿಗೆ ಕರೆದ.

"ಅಕ್ಕ, ಅವರ ಪೆಟ್ಟಿಗೆಯಲ್ಲಿ ಒಂದು ಕಾಗದ ಉಂಟು. ಹೆಣದ ಒಟ್ಟಿಗೆ ಇಟ್ಟುಬಿಡಿ. ಸುಟ್ಟು ಹೋಗ್ಲಿ."

"ಎಂಥ ಕಾಗದ?"

"ಅವರು ಹೇಳಿದ್ದು, ನಾನು ಬರೆದದ್ದು. ಆರು ವರ್ಷ ಆಯ್ತು."

ಅವಳು ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತದ್ದು ಸುಬ್ಬಪ್ಪನಿಗೆ ತಿಳಿದಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ, ಅಂಟಿಸದೆ ಮಡಚಿಟ್ಟ ಇನ್‌ಲ್ಯಾಂಡ್ ಕಾಗದ ಸಿಕ್ಕಿತು. ಮೇಲೆ ಅವ್ವಮ್ಮ, ಪಾಣೆಮಂಗಳೂರು ಎಂದಿತ್ತು. ಜಲಜಾಕ್ಷಿ ಬಾಗಿಲು ಮುಂದೆ ಮಾಡಿಕೊಂಡು, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು.

*

ಸಿಡುಬಿನ ವರ್ಷ ಪದವಿನಲ್ಲಿ ಒಂದು ಸೋಗೆಯ ಗುಡಿಸಲು ಹಾಕಿ, ಬಿದ್ದವರನ್ನೆಲ್ಲ ಅಲ್ಲಿಟ್ಟಿದ್ದರು. ಸಿಡುಬಿನಲ್ಲಿ ಹೋದವರನ್ನು ಸುಡುವ ಕ್ರಮ ಇಲ್ಲ, ಅಲ್ಲೇ ಹೂತರು. ಐದು ವರ್ಷದ ಮಗಳು ಕಾಂತಿಯನ್ನು ಮುಂಡಪ್ಪನೇ ಹೂತು, ತಲೆಯ ಕಡೆಗೆ ಒಂದು ಕರಿಕಲ್ಲು ಇಟ್ಟ. ಆಗ ಇವರ ನೆರೆಯಲ್ಲೇ ಇದ್ದ ಅವ್ವಮ್ಮನ ಮಗ ಸುಲೈಮಾನನನ್ನು ಹೂತವನು ಅವಳ ಗಂಡ. ಮರುವಾರ ಗಂಡನೂ ಹೋದ. ಅವ್ವಮ್ಮ ಕಾಯಿಲೆಯಿಂದ ಎದ್ದು ಬಂದಾಗ, ಮಗ ಎಲ್ಲಿ ಎಂದು ತೋರಿಸುವವರೇ ಉಳಿದಿರಲಿಲ್ಲ. ಅವಳು ಪಾಣೆಮಂಗಳೂರಿನ ತವರಿಗೆ ಹೋದಳು.

ನಾಲ್ಕು ವರ್ಷ ಕಳೆದು, ಅರವತ್ತೊಂದರಲ್ಲಿ ಸರ್ವೆಯವರು ಬಂದರು. ಮೂಡುಬಿದಿರೆಯ ಕಡೆಯಿಂದ ಬಂಟ್ವಾಳಕ್ಕೆ ತಂತಿ ಬರುವ ದಾರಿಯನ್ನು ಗುರುತಿಸಬೇಕಿತ್ತು. ಒಂದು ಗುಡ್ಡೆಯಲ್ಲಿ ಇಂಜಿನಿಯರು ದುರ್ಬೀನಿಗೆ ಕಣ್ಣಿಟ್ಟರೆ, ಇನ್ನೊಂದು ಗುಡ್ಡೆಯಲ್ಲಿ ಮುಂಡಪ್ಪ ಬಾವುಟ ಹಿಡಿದು ಅಲುಗದೆ ನಿಲ್ಲಬೇಕು. ಒಮ್ಮೆ ಇಂಜಿನಿಯರು ಅವನಿಗೂ ನೋಡಲು ಬಿಟ್ಟರು. ಆ ಗಾಜಿನಲ್ಲಿ ಎಲ್ಲವೂ ತಲೆಕೆಳಗು. ಗುಡ್ಡೆ ಆಕಾಶಕ್ಕೆ ಅಂಟಿಕೊಂಡಿತ್ತು. ಸುಬ್ಬಪ್ಪ ಬಾವುಟದ ಸಮೇತ ಬಾವಲಿಯ ಹಾಗೆ ನೇತಾಡುತ್ತಿದ್ದ.

"ನಾನು ನಿಂತಾಗಲೂ ಹೀಗೆಯಾ ಸ್ವಾಮಿ?"

"ಹೀಗೆಯೇ."

ಆಮೇಲೆ ಪದವಿನಲ್ಲಿ ಬಾವುಟ ಹಿಡಿದಾಗಲೆಲ್ಲ ಮುಂಡಪ್ಪನಿಗೆ ತಾನೇ ನೇತಾಡುವವನೆಂದೂ, ಮಣ್ಣಿನ ಆಚೆ ಬದಿಯವರು ತನ್ನ ಅಂಗಾಲಿಗೆ ಅಂಗಾಲು ಕೊಟ್ಟು ನೆಟ್ಟಗೆ ನಿಂತಿದ್ದಾರೆಂದೂ ಅನಿಸುತ್ತಿತ್ತು. ಕೆಲವು ಪಾದಗಳು ಸಣ್ಣವು.

ಒಂದು ಸಂಜೆ ಇಂಜಿನಿಯರು ಟವರ್ ನಿಲ್ಲುವ ಜಾಗಕ್ಕೆ ಸುಣ್ಣ ಬಳಿದ ಕಲ್ಲು ಇಡಿಸಿದರು. ಅದರ ಪಕ್ಕದಲ್ಲೇ ಕಾಂತಿಯ ಕರಿಕಲ್ಲು. ಮರುದಿನ ದಟ್ಟ ಮಂಜು. ಬೇರೆಯವರು ಬರುವ ಮೊದಲೇ ಮುಂಡಪ್ಪ ಸುಣ್ಣದ ಕಲ್ಲನ್ನು ಎದೆಗೆ ಅವಚಿಕೊಂಡು ಹದಿನೈದು ಹೆಜ್ಜೆ ನಡೆದು ಇಳಿಸಿದ. ಬಾವುಟವನ್ನು ಅಲ್ಲೇ ಹಿಡಿದು ನಿಂತ. ಮಂಜು ಸರಿದಾಗ ಆಚೆ ಗುಡ್ಡೆಯವರು ಅವನನ್ನೇ ನೋಡಿ ಬರೆದುಕೊಂಡರು. ಲೈನು ಅಷ್ಟು ಸೊಟ್ಟಗಾಯಿತು.

ಮರುವರ್ಷ ಟವರಿಗೆ ಗುಂಡಿ ತೋಡುವಾಗ ಹಾರೆಗೆ ಸಣ್ಣ ಮೂಳೆಗಳು ತಾಗಿದವು. ಜೊತೆಗೆ ಬೆಳ್ಳಿಯ ಒಂದು ತಾಯಿತ. ಸುಲೈಮಾನನ ಸೊಂಟದಲ್ಲಿ ಅದನ್ನು ಮುಂಡಪ್ಪ ನೂರು ಸಲ ಕಂಡಿದ್ದ. ಗುಂಡಿಯಲ್ಲಿ ಇದ್ದವರು ಅವನು ಮತ್ತು ಸುಬ್ಬಪ್ಪ. ಮೇಲೆ ನಿಂತ ಮೇಸ್ತ್ರಿ, "ತೆಗೆದು ಬಿಸಾಡಿ. ಬಾಯಿ ಬಿಟ್ಟರೆ ಕೆಲಸ ಇಲ್ಲ," ಅಂದ. ಮುಂಡಪ್ಪ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ, ಒಂದನ್ನೂ ಬಿಡದೆ ಅದರಲ್ಲಿ ಕಟ್ಟಿದ.

*

'ಅವನನ್ನು ನನ್ನ ಮಗಳ ಎಡಬದಿಯಲ್ಲಿ ಮಲಗಿಸಿದ್ದೇನೆ. ತಾಯಿತ ಅವನ ಹತ್ತಿರವೇ ಉಂಟು. ನನ್ನವಳನ್ನು ಉಳಿಸ್ಲಿಕ್ಕೆ ಹೋಗಿ ನಿಮ್ಮವನನ್ನು ಅಗೆದೆ.' ಕಾಗದ ಅಲ್ಲಿಗೆ ಮುಗಿದಿತ್ತು.

ಕಾಂತಿಯ ಕಲ್ಲಿನ ಬಳಿ ಮುಂಡಪ್ಪ ಯಾವಾಗಲೂ ಎರಡು ಹಿಡಿ ಹೂ ಇಡುತ್ತಿದ್ದ. ಕೇಳಿದ್ದಕ್ಕೆ, "ಒಂದು ನಿನ್ನ ಪಾಲಿನದ್ದು," ಅಂದಿದ್ದ.

ಜಲಜಾಕ್ಷಿ ಹೊರಗೆ ಬಂದಾಗ ಅವಳ ಕೈಯಲ್ಲಿ ಬಿಚ್ಚಿದ ಕಾಗದ ಕಂಡು ಸುಬ್ಬಪ್ಪ ಕೂತಲ್ಲಿಂದ ಎದ್ದ.

"ಇದನ್ನು ಕಳಿಸ್ಲಿಲ್ಲ ಯಾಕೆ?"

"ಇಬ್ಬರಿಗೂ ಧೈರ್ಯ ಬರ್ಲಿಲ್ಲ ಅಕ್ಕ. ನನ್ನ ಹೊಟ್ಟೆಪಾಡೂ ಉಂಟಲ್ಲ. ಮತ್ತೆ ಅವ್ವಮ್ಮ... ಮೂಳೆ ಸಿಕ್ಕಿದ ಸುದ್ದಿ ಹೇಗೋ ಕೇಳಿ, ಮಗ ಟವರಿನ ಬುಡದಲ್ಲೇ ಇದ್ದಾನೆ ಅಂತ ನಂಬಿದ್ದಾಳೆ. ವರ್ಷಕ್ಕೊಮ್ಮೆ ಬಂದು ಅಲ್ಲಿ ಕೂತು ಮಾತಾಡ್ತಾಳೆ. ತಂತಿ ಗುಂಯ್ ಅಂದ್ರೆ ಮಗ ಉತ್ತರ ಕೊಟ್ಟ ಅಂತಾಳೆ. ಅದನ್ನೂ ಕಿತ್ಕೊಳ್ಳುವುದಾ?"

ಜಲಜಾಕ್ಷಿಗೆ ಗೊತ್ತಿತ್ತು. ಇಳಿದು ಬರುವಾಗ ಅವ್ವಮ್ಮ ನೀರು ಕುಡಿಯುತ್ತಿದ್ದದ್ದು ಇದೇ ಜಗಲಿಯಲ್ಲಿ. "ಇವತ್ತು ತುಂಬ ಮಾತಾಡಿದ," ಎಂದು ಒಮ್ಮೆ ನಕ್ಕಿದ್ದಳು. ಆ ದಿನ ಜಲಜಾಕ್ಷಿಯೂ ಕಿವಿಗೊಟ್ಟಿದ್ದಳು. ಗುಂಯ್‌ಗುಡುವುದರ ಒಳಗೆ ಎರಡು ಸ್ವರ ಇದ್ದ ಹಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಊರವರು ತಾನೇ ಏನು ಹೇಳಿಯಾರು?" ಸುಬ್ಬಪ್ಪ ದನಿ ತಗ್ಗಿಸಿದ. "ನಮ್ಮ ಮಗುವಿನ ಬಗಲಲ್ಲಿ ಬ್ಯಾರಿಗಳ ಮಗು..."

"ಆರು ವರ್ಷದಿಂದ ಅವರಿಬ್ಬರು ಜಗಳ ಮಾಡಿದ್ದು ನಾನು ಕೇಳಿಲ್ಲ ಸುಬ್ಬಪ್ಪ."

"ಅವ್ವಮ್ಮ ಶಾಪ ಹಾಕಿದ್ರೆ?"

"ಹಾಕ್ಲಿ. ನನಗೆ ಮಗಳ ಕಲ್ಲು ಎಲ್ಲಿ ಅಂತ ಗೊತ್ತುಂಟು. ಅವಳು ಸಿಮೆಂಟಿನ ಹತ್ರ ಕೂತ್ಕೊಂಡು ಮಾತಾಡ್ತಾಳೆ."

ಹೆಣ ಎತ್ತಿದರು. ಬಿಳಿ ಬಟ್ಟೆಯ ಕೆಳಗೆ ನಿಂತ ಕೈ ಜಗಲಿಯ ಮಾಡಿಗೆ ತಾಗದ ಹಾಗೆ ಬಗ್ಗಿ ಹೊರಗೆ ತರಬೇಕಾಯಿತು. ಮಂಜಿನಲ್ಲಿ ಹೊತ್ತವರು ಮೊದಲು ಮರೆಯಾದರು. ಆ ಕೈ ಕೊನೆಗೆ. ಅಂಗಳದಲ್ಲಿ ಹೆಂಗಸರಷ್ಟೇ ಉಳಿದರು.

ಅಂಚೆಯ ಗುರುವಪ್ಪ ಏದುಸಿರು ಬಿಡುತ್ತಾ ಬಂದದ್ದು ಆಗಲೇ. "ಮುಖ ನೋಡ್ಲಿಕ್ಕೂ ಸಿಗ್ಲಿಲ್ಲ ಅಕ್ಕ. ಸಿದ್ಧಕಟ್ಟೆಯಲ್ಲಿ ತಡ ಆಯ್ತು."

"ನಿಮ್ಮ ಕಿವಿಯ ಪೆನ್ಸಿಲು ಸ್ವಲ್ಪ ಕೊಡಿ."

ಅವಳು ಮೊಣಕಾಲ ಮೇಲೆ ಕಾಗದ ಇಟ್ಟು, ಗಂಡನ ಮಾತು ನಿಂತಲ್ಲಿ ಬರೆದಳು. ದೊಡ್ಡ ದೊಡ್ಡ ಅಕ್ಷರ. ಎರಡು ಸಾಲಿಗೆ ಜಾಗ ಮುಗಿಯಿತು. 'ಬನ್ನಿ ಅವ್ವಮ್ಮ. ಟವರಿನಿಂದ ಹದಿನೈದು ಹೆಜ್ಜೆ, ನಾನು ಕರ್ಕೊಂಡು ಹೋಗ್ತೇನೆ. ಜಲಜಾಕ್ಷಿ.'

ಮಡಚಿ ನೆಕ್ಕಿದಳು. ಹಳೆಯ ಗೋಂದು ಹಿಡಿಯಲಿಲ್ಲ.

"ಸೂತಕದ ಮನೆಯ ಕಾಗದ," ಗುರುವಪ್ಪ ತಡವರಿಸಿದ. "ಬೊಜ್ಜದ ಕ್ರಿಯೆ ಕಳೀಲಿ. ಹದಿಮೂರು ದಿನ ತಾನೆ?"

"ಸೂತಕ ನನಗೆ. ಕಾಗದ ಆರು ವರ್ಷ ಹಿಂದಿನದ್ದು."

ಈ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂದು ಪ್ರೇಮಾವತಿ ತನ್ನ ಮನೆಯಿಂದ ಗಂಜಿ ತಂದಿಟ್ಟಿದ್ದಳು. ಜಲಜಾಕ್ಷಿ ಅದರಿಂದ ನಾಲ್ಕು ಅಗುಳು ಹೆಕ್ಕಿ, ಕಾಗದದ ಅಂಚಿಗೆ ಹಾಕಿ, ಹೆಬ್ಬೆರಳಲ್ಲಿ ಅರೆದು ಒತ್ತಿದಳು. ಬಿಸಿ ಇನ್ನೂ ಇತ್ತು. ಅಂಟಿಕೊಂಡಿತು.

ಗುರುವಪ್ಪ ಅದನ್ನು ಚೀಲಕ್ಕೆ ಹಾಕಲಿಲ್ಲ. ಬೇರೆಯವರ ಕಾಗದಗಳಿಗೆ ಹಿಡಿದೀತು. ಒದ್ದೆಯ ಅಂಚು ಹೊರಗಾಗಿ ಅಂಗೈಯಲ್ಲಿಟ್ಟುಕೊಂಡು, ಆಗಾಗ ಊದುತ್ತಾ, ಬಂಟ್ವಾಳದ ದಾರಿ ಇಳಿದ.