ಎಂಬತ್ತು ಪುಟ ಕಡಿಮೆ

“ಸತ್ತವಳನ್ನ ಎಬ್ಬಿಸಿ ಎಂಬತ್ತು ಪುಟ ಓಡಾಡಿಸ್ಲಾ? ನಿಮಗೆ ತಲೆ ನೆಟ್ಟಗಿದೆಯಾ ಭಾವ?”

“ನೆಟ್ಟಗಿರೋದಕ್ಕೇ ಹೇಳ್ತಿರೋದು! ಮೂರು ಸಾವಿರ ರಕ್ಷಾಪುಟ ಅಚ್ಚಾಗಿ ಕೂತಿದೆ, ಮುನ್ನೂರಿಪ್ಪತ್ತು ಪುಟದ ದಪ್ಪಕ್ಕೆ. ನೀನು ಕೊಟ್ಟಿರೋದು ಇನ್ನೂರ ನಲವತ್ತು. ಅಪ್ಪನ ಅಂಗಿ ಮಗುವಿಗೆ ಹಾಕಿದ ಹಾಗೆ ಜೋಲಾಡುತ್ತೆ!”

“ಬರೆಯೋ ಮೊದಲೇ ಅಚ್ಚು ಹಾಕಿ ಅಂತ ಯಾರು ಹೇಳಿದ್ದು?”

“ಏಳು ಪುಸ್ತಕಕ್ಕೂ ಹಾಗೇ ಮಾಡಿದ್ದು. ಆಗೆಲ್ಲ ನಿನ್ನ ಬಾಯಿ ಎಲ್ಲಿ ಹೋಗಿತ್ತು?”

ಕಾದಂಬರಿಗಾರ್ತಿ ಕರಡಿನ ಕಟ್ಟನ್ನು ತನ್ನತ್ತ ಎಳೆದುಕೊಂಡಳು. ಅಕ್ಕನ ಗಂಡನೇ ಪ್ರಕಾಶಕ. ವರ್ಷಕ್ಕೊಂದು ಸಮ್ಮೇಳನ, ಸಮ್ಮೇಳನಕ್ಕೊಂದು ಕಾದಂಬರಿ. ರಕ್ಷಾಪುಟ ಮೊದಲು, ಕಥೆ ಆಮೇಲೆ. ಏಳು ವರ್ಷ ಅವಳು ಆ ದಪ್ಪಕ್ಕೆ ಸರಿಯಾಗಿ ಬರೆದುಕೊಟ್ಟಿದ್ದಳು. ಪುಟ ಸಾಲದಿದ್ದರೆ ಒಂದು ಕನಸು, ಇಲ್ಲವೇ ಒಂದು ರೈಲು ಪ್ರಯಾಣ. ಬಿಡುಗಡೆಯಾದ ಮೇಲೆ ಊರೂರು ಸುತ್ತಿ ಅದೇ ಭಾಷಣ, ಹೆಬ್ಬೆರಳು ಮರಗಟ್ಟುವ ತನಕ ಸಹಿ. ವಾಪಸು ಬಂದು ಬ್ಯಾಗು ಬಿಚ್ಚುವ ಮೊದಲೇ ಭಾವನ ಫೋನು: “ಮುಂದಿನದರ ಹೆಸರೇನು? ಕಲಾವಿದ ಕಾಯ್ತಿದ್ದಾನೆ.”

ಹೋದ ಸಮ್ಮೇಳನಕ್ಕೆ ಒಬ್ಬ ನರ್ಸು ಏಳೂ ಪುಸ್ತಕ ಹೊತ್ತುಕೊಂಡು ಬಂದಿದ್ದಳು. “ನೀವಂದ್ರೆ ಪ್ರಾಣ ಮೇಡಂ. ಬೇಜಾರು ಮಾಡ್ಕೋಬೇಡಿ, ಮಧ್ಯದ್ದು ಮಾತ್ರ ಹಾರಿಸ್ಬಿಡ್ತೀನಿ,” ಎಂದು ನಕ್ಕಳು. ನಿಜ, ಮಧ್ಯದ ಪುಟಗಳ ಅಂಚು ಅಂಗಡಿಯಿಂದ ತಂದ ದಿನದ ಹಾಗೆಯೇ ಬೆಳ್ಳಗಿತ್ತು. ಅವತ್ತೇ ಕಾದಂಬರಿಗಾರ್ತಿ ಹಟ ಹಿಡಿದಳು. ಒಂದು ಪುಟವನ್ನೂ ಯಾರೂ ಹಾರಿಸಬಾರದು, ಅಂಥದೊಂದು ಬರೆಯಬೇಕು. ಐವತ್ತೆರಡನೇ ವಯಸ್ಸಿಗೆ ಅದು ಕೈಗೆ ಬಂದಿತ್ತು. ಇನ್ನೂರ ನಲವತ್ತಕ್ಕೆ ಮುಗಿದಿತ್ತು.

ಅಚ್ಚುಕೂಟದ ಒಳಕೋಣೆಯಿಂದ ಅಕ್ಕ ಬಂದಳು, ಕೈತುಂಬ ಅಂಟು. “ಪುಟ್ಟೀ, ನಾಡಿದ್ದು ಬಿಡುಗಡೆ ಕಣೆ. ಒಂದು ಕನಸು ಹಾಕಿ ಮುಗಿಸು.”

“ಅವಳು ಸತ್ತಿದ್ದಾಳಕ್ಕ.”

“ಸಾಯೋ ಮುಂಚೆ ಕಾಣ್ಲಿ! ನಿನ್ನ ನಾಯಕಿಯರು ಕಾಣ್ದೇ ಇರೋ ಕನಸಾ?”

ಯಂತ್ರದ ಹತ್ತಿರ ನಿಂತಿದ್ದ ಮುದ್ರಕ ಮುಸಿಮುಸಿ ನಕ್ಕ. ಅವಳಿಗೂ ನಗು ಬಂತು. ಜಗಳಕ್ಕೆ ಬೇಕಾದ ಶಕ್ತಿಯೂ ಉಳಿದಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತಳು. ಮಧ್ಯಾಹ್ನದೊಳಗೆ ಒಂಬತ್ತು ಪುಟ. ಹಾಸಿಗೆ ಹಿಡಿದ ನಾಯಕಿ ಕನಸಿನಲ್ಲಿ ಆಗಲೇ ರೈಲು ಹತ್ತಿದ್ದಳು. ಬೆರಳು ತಾವಾಗಿಯೇ ಓಡುತ್ತಿದ್ದವು. ನಿಲ್ಲಿಸಿ ಓದಿಕೊಂಡಳು. ಕೆಟ್ಟದಾಗೇನೂ ಇರಲಿಲ್ಲ. ನರ್ಸು ಹಾರಿಸುತ್ತಾಳೆ, ಅಷ್ಟೆ.

ಒಂಬತ್ತನ್ನೂ ಅಳಿಸಿದಳು.

“ಕೈಲಾಗ್ದಿದ್ರೆ ಬಿಡು,” ಎಂದ ಭಾವ. “ಹಳೇ ಪುಸ್ತಕದ್ದೇ ರೈಲು ಎತ್ತಿ ನಾನೇ ತುಂಬಿಸ್ತೀನಿ. ಯಾರಿಗೆ ಗೊತ್ತಾಗುತ್ತೆ? ನೀನು ಸಹಿ ಹಾಕು, ಸಾಕು.”

ಹಿಂದೊಮ್ಮೆ ತಪ್ಪು ಕರಡು ಅಚ್ಚಾಗಿ ಬೈಸಿಕೊಂಡಿದ್ದ ಮುದ್ರಕ, ಕೊನೆಯ ಪುಟದಲ್ಲಿ ಅವಳ ಸಹಿ ಕಾಣದೆ ಯಂತ್ರ ಮುಟ್ಟುತ್ತಿರಲಿಲ್ಲ. ಅವಳು ಪೆನ್ನು ತೆಗೆದಳು. ಭಾವನ ಮುಖ ನೋಡಿದಳು. ಪೆನ್ನಿಗೆ ಮುಚ್ಚಳ ಹಾಕಿದಳು.

“ಇನ್ನೂರ ನಲವತ್ತಿದ್ರೆ ಸಹಿ. ಇಲ್ಲಾಂದ್ರೆ ಇಲ್ಲ.”

“ನಾಡಿದ್ದು ವೇದಿಕೆ ಮೇಲೆ ಏನು ತೋರಿಸ್ಲಿ? ನಿನ್ನ ಮುಖಾನಾ?”

“ರಕ್ಷಾಪುಟ ತೋರಿಸಿ. ಅದೇ ಅಲ್ವಾ ಮೊದಲು ಬರೋದು?”

ಕರಡಿನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು.

“ಊಟ ಮಾಡ್ಕೊಂಡಾದ್ರೂ ಹೋಗೇ!” ಅಕ್ಕ ಕೂಗಿದಳು.

“ಹೋಗ್ಲಿ ಬಿಡೆ, ಸಂಜೆಗೆ ಬರ್ತಾಳೆ,” ಎಂದ ಭಾವ.

ಆ ಸಂಜೆ ಅವಳು ಬರಲಿಲ್ಲ. ಬಿಡುಗಡೆಗೂ ಬರಲಿಲ್ಲ.